ಟರಾಂಟುಲಾ ಮುಂಗಾಲೆತ್ತುವುದೇಕೆ?

ಪಶ್ಚಿಮ ಘಟ್ಟಗಳ ಮಣ್ಣಿನ ದರೆಗಳಲ್ಲಿ ಬಿಲ ತೋಡಿ, ಅದರ ಒಳಗೋಡೆಗೆ ನೂಲು ಹಾಸಿಕೊಂಡು ಬದುಕುವ ದೊಡ್ಡ ಜೇಡವೊಂದಕ್ಕೆ ಬ್ರಿಟಿಷ್ ಪ್ರಾಣಿವಿಜ್ಞಾನಿ ಆರ್. ಐ. ಪೊಕಾಕ್ 1899ರಲ್ಲಿ ಥ್ರಿಗ್ಮೋಪಿಯಸ್ ಟ್ರುಕ್ಯುಲೆಂಟಸ್ ಎಂದು ಹೆಸರಿಟ್ಟರು. ಇದು ಟರಾಂಟುಲಾ, ಅಂದರೆ ಥೆರಾಫೋಸಿಡೇ ಕುಟುಂಬಕ್ಕೆ ಸೇರಿದ, ಮೈತುಂಬ ರೋಮವಿರುವ ಜೇಡ. ಈ ಕುಟುಂಬದ ಜೇಡಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕುವವರು, ತಿಂಗಳುಗಟ್ಟಲೆ ಸಾಧುವಾಗಿದ್ದ ಜೀವಿ ಇದ್ದಕ್ಕಿದ್ದಂತೆ ಸಿಡುಕಾಯಿತೆಂದು ಹೇಳುವುದುಂಟು. ಆದರೆ ಜೇಡ ಸಾಕಿದವರನ್ನು ಗುರುತಿಟ್ಟು ಒಗ್ಗಿಕೊಂಡದ್ದೂ ಇಲ್ಲ, ಮುನಿಸಿಕೊಂಡದ್ದೂ ಇಲ್ಲ. ಬದಲಾದದ್ದು ಅದರ ದೇಹಸ್ಥಿತಿ.

ಎಂಟು ಕಣ್ಣುಗಳಿದ್ದರೂ ಟರಾಂಟುಲಾದ ನೋಟ ಮಂದ. ನೆಲದ ಕಂಪನವನ್ನೂ, ಕಾಲಿನ ಸೂಕ್ಷ್ಮ ರೋಮಗಳಿಗೆ ತಾಗುವ ಗಾಳಿಯ ಅಲುಗಾಟವನ್ನೂ ಆಧರಿಸಿ ಅದು ಬೇಟೆ ಯಾವುದು, ಅಪಾಯ ಯಾವುದು ಎಂದು ನಿರ್ಧರಿಸುತ್ತದೆ. ಬೆಳೆಯಲು ಅದು ಹೊರಕವಚವನ್ನು ಕಳಚಲೇಬೇಕು. ಇದನ್ನೇ ಪೊರೆ ಕಳಚುವಿಕೆ ಎನ್ನುತ್ತಾರೆ. ಅದಕ್ಕೆ ಮೊದಲು ಆಹಾರ ಬಿಟ್ಟು ಅಡಗಿ ಕೂರುವ ಜೇಡ, ಸಾಮಾನ್ಯವಾಗಿ ಅಂಗಾತ ಮಲಗಿ ಹಳೆಯ ಕವಚದಿಂದ ಒಂದೊಂದೇ ಕಾಲನ್ನು ಎಳೆದುಕೊಳ್ಳುತ್ತದೆ. ಆಗ ಹೊಸ ವಿಷದಂತಗಳು ಬೆಳ್ಳಗೆ, ಮೆತ್ತಗೆ ಇದ್ದು, ಗಟ್ಟಿಯಾಗಿ ಕಪ್ಪಾಗುವವರೆಗೆ ಅದಕ್ಕೆ ತಿನ್ನಲೂ ಆಗದು, ಕಚ್ಚಲೂ ಆಗದು. ಇಂತಹ ದಿನಗಳಲ್ಲಿ ಸಣ್ಣ ಸ್ಪರ್ಶಕ್ಕೂ ಅದು ಬೆದರುವುದು ಸಹಜ. ಮೊಟ್ಟೆಚೀಲ ಕಾಯುವ ಹೆಣ್ಣೂ ಹಾಗೆಯೇ. ಪ್ರಾಯಕ್ಕೆ ಬಂದ ಗಂಡಾದರೋ ಹೆಣ್ಣನ್ನರಸಿ ಬಿಲ ತೊರೆದು, ನಿಲ್ಲದೆ ಅಲೆಯುತ್ತದೆ.

ಅಮೆರಿಕ ಖಂಡಗಳ ಅನೇಕ ಟರಾಂಟುಲಾಗಳಿಗೆ ಹೊಟ್ಟೆಯ ಮೇಲಿನ ತುರಿಕೆಯ ರೋಮಗಳೇ ಆಯುಧ. ಭಾರತದವಕ್ಕೆ ಆ ರೋಮಗಳಿಲ್ಲ. ಬಿಲಕ್ಕೆ ಓಡುವುದು, ಅದಾಗದಿದ್ದರೆ ಮುಂಗಾಲೆತ್ತಿ ವಿಷದಂತ ತೋರಿಸುವುದು, ಕಡೆಗೆ ಕಚ್ಚುವುದು, ಇಷ್ಟೇ ಅವುಗಳ ದಾರಿ. ಮರದ ಪೊಟರೆಯಲ್ಲಿರುವ ಪೊಯಿಸಿಲೋಥೀರಿಯಾ ಕುಲದ ಹಲವು ಪ್ರಭೇದಗಳು ಮುಂಗಾಲೆತ್ತಿದಾಗ ಅಡಿಯ ಹಳದಿ ಬಣ್ಣ ಥಟ್ಟನೆ ಕಾಣುವುದು ಎಚ್ಚರಿಕೆಯೇ ಹೊರತು ದಾಳಿಯಲ್ಲ. ಈ ಕುಲದ ಜೇಡ ಕಚ್ಚಿದರೆ ತೀವ್ರ ಸ್ನಾಯುಸೆಳೆತ ಉಂಟಾಗಿ ದಿನಗಟ್ಟಲೆ ಕಾಡಬಹುದು.

ಸಾಕುಪ್ರಾಣಿ ವ್ಯಾಪಾರದ ಒತ್ತಡದಿಂದಾಗಿ ಈ ಕುಲವನ್ನು 2019ರಲ್ಲಿ ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿಸಲಾಯಿತು. ದರೆಯಲ್ಲಾಗಲಿ ಪೊಟರೆಯಲ್ಲಾಗಲಿ ಇಂತಹ ಜೇಡ ಕಂಡವರು ಅದನ್ನು ಹಿಡಿಯದೆ, ಕಡ್ಡಿಯಿಂದ ಕೆಣಕದೆ, ಅಲ್ಲಿಯೇ ಬಿಡಬೇಕು.