ಬಗ್ ಅಲ್ಲದ ಬಗ್

ಇಂಗ್ಲಿಷಿನ ‘ಬಗ್’ ಮೂರೇ ಅಕ್ಷರದ ಪದ. ಹುಳ, ರೋಗಾಣು, ಯಂತ್ರದ ದೋಷ, ಕಂಪ್ಯೂಟರ್ ಪ್ರೋಗ್ರಾಮಿನ ತಪ್ಪು, ಕದ್ದಾಲಿಸುವ ಸಾಧನ, ಸುಮ್ಮನೆ ಪೀಡಿಸುವುದು ಎಲ್ಲವೂ ಅದರೊಳಗೆ ಅಡಗಿವೆ. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಬರಹದಲ್ಲಿ ಕಾಣಿಸಿಕೊಂಡಾಗ ಮಾತ್ರ ಈ ಬಗ್‌ಗೆ ಕಾಲೂ ಇರಲಿಲ್ಲ, ರೆಕ್ಕೆಯೂ ಇರಲಿಲ್ಲ. ಊಟ ಮಾಡದ ಮಗುವಿಗೆ ಕನ್ನಡದ ತಾಯಂದಿರು ತೋರಿಸುವ ಗುಮ್ಮನಿದ್ದಾನಲ್ಲ, ಅವನೇ ಅಂದಿನ ಬಗ್. ಬೆದರುಗೊಂಬೆಗೂ ಅದೇ ಹೆಸರಿತ್ತು. 1535ರಲ್ಲಿ ಮೈಲ್ಸ್ ಕವರ್‌ಡೇಲ್ ಪ್ರಕಟಿಸಿದ ಇಂಗ್ಲಿಷ್ ಬೈಬಲ್ಲಿನ 91ನೆಯ ಕೀರ್ತನೆ, ದೇವರನ್ನು ನಂಬಿದವನು ರಾತ್ರಿಯ ‘ಬಗ್’ಗಳಿಗೆ ಅಂಜಬೇಕಿಲ್ಲ ಎಂದು ಅಭಯ ಕೊಡುತ್ತದೆ. ಇಂದು ಓದಿದರೆ ತಿಗಣೆಯ ಕಾಟದಿಂದ ಬಿಡುಗಡೆ ಸಿಕ್ಕಂತೆ ಕೇಳಿಸುತ್ತದೆ. 1611ರ ಪ್ರಸಿದ್ಧ ಅನುವಾದದಲ್ಲಿ ಆ ಜಾಗಕ್ಕೆ ‘ಭಯ’ ಎಂಬರ್ಥದ ಪದ ಬಂದು ಗೊಂದಲ ತಪ್ಪಿತು.

ಹುಳದ ಅರ್ಥ ಬಂದದ್ದು ಹದಿನೇಳನೆಯ ಶತಮಾನದಲ್ಲಿ. ಜೀರುಂಡೆಗಿದ್ದ ಹಳೆಯ ಇಂಗ್ಲಿಷ್ ಪದವೊಂದು ಗುಮ್ಮನ ಹೆಸರಿನೊಡನೆ ಬೆರೆತಿರಬಹುದೆಂದು ಕೆಲವು ವಿದ್ವಾಂಸರು ಹೇಳುತ್ತಾರೆ, ಒಮ್ಮತವಿಲ್ಲ. ಬಳಕೆಯ ಮಾತಿನಲ್ಲಿ ಹರಿದಾಡುವ ಹುಳವೆಲ್ಲ ಬಗ್ಗೇ. ಕೀಟಶಾಸ್ತ್ರಜ್ಞರು ಇಷ್ಟು ಉದಾರಿಗಳಲ್ಲ. ಅವರ ಲೆಕ್ಕದಲ್ಲಿ ಹೆಮಿಪ್ಟೆರಾ ಎಂಬ ಗಣಕ್ಕೆ ಸೇರಿದ್ದು ಮಾತ್ರ ನಿಜವಾದ ಬಗ್. ತಿಗಣೆ, ಸಸ್ಯಹೇನು, ಭತ್ತದ ಜಿಗಿಹುಳು, ಮಲೆನಾಡಿನ ಕಾಡಿನಲ್ಲಿ ಕಿವಿಗಡಚಿಕ್ಕುವ ಸಿಕಾಡಾ, ಅರಗಿನ ಹುಳು, ಎಲ್ಲ ಸೇರಿ 80 ಸಾವಿರಕ್ಕೂ ಹೆಚ್ಚು ಪ್ರಭೇದಗಳ ದೊಡ್ಡ ಸಂಸಾರ ಅದು. ಕುಲದ ಗುರುತು ಇರುವುದು ಬಾಯಿಯಲ್ಲಿ. ಕೂದಲೆಳೆಯಂಥ ನಾಲ್ಕು ಸೂಜಿಗಳು ಒಂದಕ್ಕೊಂದು ಹೊಂದಿಕೊಂಡು ಚುಚ್ಚುಕೊಳವೆಯಾಗಿರುತ್ತವೆ. ಒಳಗೆ ಎರಡು ನಾಳ: ಒಂದರಲ್ಲಿ ಜೊಲ್ಲು ಇಳಿಯುತ್ತದೆ, ಇನ್ನೊಂದರಲ್ಲಿ ರಸವೋ ರಕ್ತವೋ ಮೇಲೇರುತ್ತದೆ. ಈ ಬಾಯಿಯಿಂದ ಅಗಿಯುವುದು ಸಾಧ್ಯವೇ ಇಲ್ಲ. ಹಾಗಾಗಿ ಸಸ್ಯಹೇನನ್ನು ಕಚಕಚನೆ ಅಗಿದು ತಿನ್ನುವ ಗುಲಗಂಜಿ ಹುಳುವನ್ನು ಅಮೆರಿಕನ್ನರು ‘ಲೇಡಿಬಗ್’ ಎಂದು ಕರೆದರೂ ಅದು ಬಗ್ ಅಲ್ಲ. ಈ ವಿಷಯದಲ್ಲಿ ಕನ್ನಡದ ಕೃಷಿಭಾಷೆ ಚುರುಕು, ಇಂಗ್ಲಿಷಿನ ‘ಮೀಲಿಬಗ್’ ಇಲ್ಲಿ ಹಿಟ್ಟು ತಿಗಣೆಯಾಗಿ ಸರಿಯಾದ ಕುಲಕ್ಕೇ ಸೇರಿದೆ. ಗೇರುತೋಟದ ‘ಟೀ ಸೊಳ್ಳೆ’ಯಲ್ಲಿ ಮಾತ್ರ ಕನ್ನಡವೂ ಎಡವಿದೆ, ಅದು ಸೊಳ್ಳೆಯಲ್ಲ, ತಿಗಣೆಯ ನಂಟ.

ಯಂತ್ರದೊಳಕ್ಕೆ ಬಗ್ ಹೊಕ್ಕದ್ದರ ಬಗ್ಗೆ ಒಂದು ಕಥೆ ಪಠ್ಯಪುಸ್ತಕದಿಂದ ಪಠ್ಯಪುಸ್ತಕಕ್ಕೆ ಹಾರುತ್ತಲೇ ಇದೆ. ಕಂಪ್ಯೂಟರಿನಲ್ಲಿ ಹುಳ ಸಿಕ್ಕಿತು, ಕಂಪ್ಯೂಟರ್ ವಿಜ್ಞಾನಿ ಗ್ರೇಸ್ ಹಾಪರ್ ಅದನ್ನು ಹಿಡಿದರು, ಅಂದಿನಿಂದ ದೋಷಕ್ಕೆ ಆ ಹೆಸರು ಬಂತು ಎಂಬುದು ಕಥೆ. ಹುಳ ಸಿಕ್ಕಿದ್ದು ನಿಜ, ಉಳಿದದ್ದು ಒಗ್ಗರಣೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್ 2 ಯಂತ್ರ ಲೆಕ್ಕ ಮಾಡುತ್ತಿದ್ದುದು ರಿಲೇಗಳಿಂದ, ಅಂದರೆ ವಿದ್ಯುತ್ತು ಹರಿದಾಗ ಅಯಸ್ಕಾಂತದ ಸೆಳೆತಕ್ಕೆ ಟಕ್ಕೆಂದು ಕೂಡಿಕೊಳ್ಳುವ ಲೋಹದ ತುದಿಗಳಿಂದ. 1947ರ ಸೆಪ್ಟೆಂಬರ್ 9ರ ಮಧ್ಯಾಹ್ನ 3.45ಕ್ಕೆ 70ನೆಯ ರಿಲೇಯಲ್ಲಿ ಒಂದು ಪತಂಗ ಸಿಕ್ಕಿಬಿದ್ದಿರುವುದು ಕಂಡಿತು. ಸಿಬ್ಬಂದಿ ಅದನ್ನು ದಿನಚರಿ ಪುಸ್ತಕಕ್ಕೆ ಟೇಪಿನಿಂದ ಅಂಟಿಸಿ, ಬಗ್ ಸಾಕ್ಷಾತ್ತಾಗಿ ಸಿಕ್ಕಿದ್ದು ಇದೇ ಮೊದಲು ಎಂಬರ್ಥದ ಒಂದು ಸಾಲು ಗೀಚಿದರು. ಆ ‘ಸಾಕ್ಷಾತ್’ ಎಂಬುದರಲ್ಲೇ ಎಲ್ಲ ಇದೆ. ದೋಷಕ್ಕೆ ಬಗ್ ಎನ್ನುವುದು ಮೊದಲೇ ರೂಢಿಯಲ್ಲಿರದಿದ್ದರೆ ಅಲ್ಲಿ ನಗುವುದಕ್ಕೆ ಏನಿತ್ತು? ಹುಳ ಹಿಡಿದದ್ದು ತಾನಲ್ಲವೆಂದು ಹಾಪರ್ ಅವರೇ ಒಪ್ಪಿಕೊಳ್ಳುತ್ತಿದ್ದರು. ಕಥೆಯನ್ನು ಸೊಗಸಾಗಿ ಹೇಳಿ ಹಬ್ಬಿಸಿದ್ದಷ್ಟೇ ಅವರ ಪಾಲು. ಇದಕ್ಕಿಂತ ದೊಡ್ಡ ತಮಾಷೆ ಬೇರೆ ಇದೆ. ಪತಂಗ ಲೆಪಿಡಾಪ್ಟೆರಾ ಗಣದ್ದು, ಚಿಟ್ಟೆಯ ದಾಯಾದಿ. ಜಗತ್ತಿನ ಅತ್ಯಂತ ಪ್ರಸಿದ್ಧ ಬಗ್, ಕೀಟಶಾಸ್ತ್ರದ ಪ್ರಕಾರ ಬಗ್ಗೇ ಅಲ್ಲ! ಅಂಟಿಸಿದ ಪತಂಗದ ಸಮೇತ ಆ ಪುಸ್ತಕ ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ.

ದೋಷಕ್ಕೆ ಬಗ್ ಎನ್ನುವ ರೂಢಿ ಅದಕ್ಕಿಂತ ಎಪ್ಪತ್ತು ವರ್ಷದಷ್ಟು ಹಳೆಯದು. 1878ರ ಮಾರ್ಚಿನಲ್ಲಿ ಥಾಮಸ್ ಎಡಿಸನ್, ವೆಸ್ಟರ್ನ್ ಯೂನಿಯನ್ ತಂತಿ ಕಂಪನಿಯ ಅಧ್ಯಕ್ಷ ವಿಲಿಯಂ ಆರ್ಟನ್‌ಗೆ ಬರೆದ ಪತ್ರದಲ್ಲಿ ತನ್ನ ಉಪಕರಣದಲ್ಲಿ ಬಗ್ ಸಿಕ್ಕಿತೆಂದು ಹೇಳಿ, ಆ ಹುಳಕ್ಕೆ ‘ಕಾಲ್‌ಬೆಲ್ಲಂ’ ಎಂದು ಲ್ಯಾಟಿನ್ ಗತ್ತಿನ ಕುಲನಾಮವನ್ನೂ ದಯಪಾಲಿಸಿದ್ದಾನೆ. ಕರೆಗಂಟೆಯಲ್ಲಿ ವಾಸಿಸುವ ಹುಳವಲ್ಲವೇ! 1896ರ ವಿದ್ಯುತ್ ಕೈಪಿಡಿಯೊಂದು ಈ ಬಳಕೆ ಹುಟ್ಟಿದ್ದು ಒಂದೇ ತಂತಿಯಲ್ಲಿ ನಾಲ್ಕು ಸಂದೇಶ ಕಳಿಸುವ ಕ್ವಾಡ್ರುಪ್ಲೆಕ್ಸ್ ತಂತ್ರದಲ್ಲಿ ಎನ್ನುತ್ತದೆ. ಆ ತಂತ್ರವೂ ಎಡಿಸನ್‌ನದೇ. ಬಹುಕಾಲದ ಮೇಲೆ, ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದಿಟ್ಟಿದ್ದ ಪ್ರೋಗ್ರಾಮುಗಳು 2000ನೆಯ ವರ್ಷವನ್ನು 1900 ಎಂದು ತಿಳಿದಾವೆಂಬ ‘ಮಿಲೆನಿಯಂ ಬಗ್’ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ ಕೈತುಂಬ ಕೆಲಸ ತಂದಿತು.

ಕದ್ದಾಲಿಸುವ ಬಗ್ ಇಪ್ಪತ್ತನೆಯ ಶತಮಾನದ ಅಮೆರಿಕನ್ ಆಡುಮಾತಿನ ಕೂಸು. ಅಂಥವುಗಳಲ್ಲಿ ಅತಿ ಜಾಣ ಬಗ್ 1945ರಲ್ಲಿ ಮಾಸ್ಕೋದಲ್ಲಿ ಗೋಡೆಯೇರಿತು. ಸೋವಿಯತ್ ಶಾಲಾಮಕ್ಕಳು ಅಮೆರಿಕದ ರಾಯಭಾರಿ ಅವೆರೆಲ್ ಹ್ಯಾರಿಮನ್‌ಗೆ ಮರದಲ್ಲಿ ಕೆತ್ತಿದ ಅಮೆರಿಕದ ರಾಜಮುದ್ರೆಯನ್ನು ಉಡುಗೊರೆ ಕೊಟ್ಟರು. ಒಳಗಿದ್ದ ಸಾಧನ ರಷ್ಯಾದ ಸಂಶೋಧಕ ಲಿಯೋ ಥೆರೆಮಿನ್‌ನ ಸೃಷ್ಟಿ. ಅದರಲ್ಲಿ ಬ್ಯಾಟರಿಯಿಲ್ಲ, ತಂತಿಯ ಸಂಪರ್ಕವಿಲ್ಲ. ಒಂದು ತೆಳು ಪೊರೆ, ಲೋಹದ ಸಣ್ಣ ಗೂಡು, ಒಂದು ಆಂಟೆನಾ ಅಷ್ಟೇ. ಹೊರಗಿನಿಂದ ರೇಡಿಯೋ ಅಲೆ ಬಿಟ್ಟಾಗ ಮಾತ್ರ ಅದಕ್ಕೆ ಜೀವ. ಕೋಣೆಯ ಮಾತಿಗೆ ಪೊರೆ ಅದುರುತ್ತಿತ್ತು, ಆ ಅದುರು ಹಿಂತಿರುಗುವ ಅಲೆಯ ಮೇಲೇರಿ ಆಚೆ ಹೋಗುತ್ತಿತ್ತು. ಅಲೆ ನಿಂತರೆ ಅದು ಬರೀ ಮರದ ಹಲಗೆ, ಎಷ್ಟು ತಪಾಸಣೆ ಮಾಡಿದರೂ ಏನೂ ಸಿಗದು. ಪತ್ತೆಯಾದದ್ದು 1952ರಲ್ಲಿ. 1960ರಲ್ಲಿ ಅಮೆರಿಕದ ಪ್ರತಿನಿಧಿ ಹೆನ್ರಿ ಕ್ಯಾಬಟ್ ಲಾಜ್ ಆ ಹಲಗೆಯನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ತಂದು, ಬಿಚ್ಚಿ ತೋರಿಸಿದರು.