ಬಹುಮತವೆಂದರೇನು?

ಪ್ರಜಾಪ್ರಭುತ್ವವು ಬಹುಮತದ ಆಳ್ವಿಕೆಯೆಂದು ಪೌರನೀತಿಯ ಪಾಠಗಳಲ್ಲಿ ಓದುತ್ತೇವೆ. ಬಹುಮತವೆಂದರೆ ಅರ್ಧಕ್ಕಿಂತ ಹೆಚ್ಚು. ಆದರೆ ಯಾರ ಅರ್ಧ? ಬಂದವರದೋ, ಮತವಿತ್ತವರದೋ, ಒಟ್ಟು ಸದಸ್ಯರದೋ? ಇದನ್ನು ಅರಿತಲ್ಲದೆ ಆ ಮಾತಿನ ಅರ್ಥ ಪೂರ್ತಿಯಾಗದು.

ನಮ್ಮ ಸಂವಿಧಾನದ 100ನೆಯ ಅನುಚ್ಛೇದದಂತೆ ಸಂಸತ್ತಿನ ಸಾಧಾರಣ ವಿಷಯಗಳು ಹಾಜರಿದ್ದು ಮತವಿತ್ತವರ ಬಹುಮತದಿಂದ ತೀರ್ಮಾನವಾಗುತ್ತವೆ. ಇದು ಸರಳ ಬಹುಮತ. ಸಭೆಗೆ ಬಾರದವರೂ, ಬಂದು ಮತ ನೀಡದವರೂ ಈ ಲೆಕ್ಕಕ್ಕೆ ಸೇರರು. ಲೋಕಸಭೆಯ 543 ಸ್ಥಾನಗಳ ಹತ್ತನೆಯ ಒಂದು ಪಾಲಾದ 55 ಮಂದಿ ಸೇರಿದರೆ ಕೋರಂ ಆಯಿತು. ಅವರೆಲ್ಲರೂ ಮತವಿತ್ತಾಗ 28 ಮತಗಳಿಂದಲೇ ಒಂದು ಮಸೂದೆ ಅಂಗೀಕಾರವಾದೀತು. ಮತಗಳು ಸಮನಾದಾಗ ಮಾತ್ರ ಸಭಾಧ್ಯಕ್ಷರು ನಿರ್ಣಾಯಕ ಮತವನ್ನು ನೀಡುತ್ತಾರೆ. ಒಂದು ಮತದ ಬೆಲೆಯೆಷ್ಟೆಂಬುದು 1999ರ ಏಪ್ರಿಲ್ 17ರಂದು ದೇಶಕ್ಕೆಲ್ಲ ತಿಳಿಯಿತು. ಅಂದು ವಿಶ್ವಾಸ ನಿರ್ಣಯಕ್ಕೆ ಪರವಾಗಿ 269, ವಿರೋಧವಾಗಿ 270 ಮತಗಳು ಬಿದ್ದು ವಾಜಪೇಯಿಯವರ ಸರಕಾರವು ಸೋತಿತು.

ಸಂವಿಧಾನವನ್ನೇ ತಿದ್ದುವುದಕ್ಕೆ ಸರಳ ಬಹುಮತ ಸಾಲದು. 368ನೆಯ ಅನುಚ್ಛೇದವು ಅದಕ್ಕೆ ವಿಶೇಷ ಬಹುಮತವನ್ನು ವಿಧಿಸಿದೆ. ಪ್ರತಿ ಸದನದಲ್ಲಿಯೂ ಒಟ್ಟು ಸದಸ್ಯರ ಅರ್ಧಕ್ಕಿಂತ ಹೆಚ್ಚು ಮಂದಿ ಒಪ್ಪಬೇಕು. ಮತವಿತ್ತವರಲ್ಲಿ ಮೂರನೆಯ ಎರಡು ಪಾಲಿಗೆ ಕಡಮೆಯಿಲ್ಲದಂತೆಯೂ ಒಪ್ಪಿರಬೇಕು. ಲೋಕಸಭೆಯಲ್ಲಿ 390 ಮಂದಿ ಮತವಿತ್ತರೆ ಮೂರನೆಯ ಎರಡು ಪಾಲು 260. ಅದು ಸಾಲದು, 272 ಆಗಲೇಬೇಕು. 480 ಮಂದಿ ಮತವಿತ್ತರೆ 272 ಸಾಲದು, 320 ಬೇಕು. ಕೆಲವು ವಿಷಯಗಳಲ್ಲಿ ಅರ್ಧದಷ್ಟು ರಾಜ್ಯಗಳ ಶಾಸನಸಭೆಗಳ ಅನುಮೋದನೆಯೂ ಆವಶ್ಯಕ.

ಇಷ್ಟೊಂದು ಬಿಗಿಯೇಕೆ? ಕಾಸರಗೋಡಿನ ಕನ್ನಡಿಗರಾದ ನಮಗೆ ಇದರ ಉತ್ತರವು ದೂರದ್ದಲ್ಲ. 1956ರ ನವೆಂಬರ್ 1ರಂದು ಈ ನಾಡು ಕೇರಳಕ್ಕೆ ಸೇರಿದಂದಿನಿಂದ ರಾಜ್ಯದಲ್ಲಿ ನಾವು ಅಲ್ಪಸಂಖ್ಯಾತರು. ಕೈಯೆಣಿಕೆಯೊಂದೇ ನ್ಯಾಯವಾಗಿದ್ದರೆ ನಮ್ಮ ಮಾತು ಎಂದೂ ಗೆಲ್ಲದು. ಆದರೆ ಭಾಷಾ ಅಲ್ಪಸಂಖ್ಯಾತರು ತಮ್ಮ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು 30ನೆಯ ಅನುಚ್ಛೇದವು ಕೊಟ್ಟಿದೆ. ಅವರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆ ದೊರಕಿಸಲು ರಾಜ್ಯವು ಯತ್ನಿಸಬೇಕೆಂದು, 1956ರ ಏಳನೆಯ ತಿದ್ದುಪಡಿಯಿಂದ ಬಂದ 350-ಎ ಅನುಚ್ಛೇದವು ಹೇಳುತ್ತದೆ. ಕೇರಳ ಶಾಸನಸಭೆಯ 140 ಸದಸ್ಯರೂ ಒಮ್ಮತದಿಂದ ಕೈಯೆತ್ತಿದರೂ ಇವನ್ನು ಅಳಿಸಲಾರರು. ಬಹುಮತಕ್ಕೆ ಆಳುವ ಅಧಿಕಾರವಿದೆ. ಆ ಅಧಿಕಾರಕ್ಕೆ ಮೇರೆಯೂ ಇದೆ.

ಆದರೆ ಕಾನೂನಿನ ರಕ್ಷಣೆಯು ಬರಿದಾದ ತರಗತಿಯನ್ನು ತುಂಬಲಾರದು. ಹಕ್ಕನ್ನು ಬಳಸುವುದು ಹಿರಿಯರ ಹೊಣೆ. ವಿದ್ಯಾರ್ಥಿಗಳೇ, 61ನೆಯ ತಿದ್ದುಪಡಿಯು 1989ರಲ್ಲಿ ಜಾರಿಗೆ ಬಂದು ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದೆ. ಆ ದಿನ ನಿಮಗೂ ಬಂದೀತು. ನಿಮ್ಮ ಪಕ್ಷಕ್ಕೆ ಬಹುಮತ ದೊರೆತಾಗ ಸೋತವರ ಹಕ್ಕನ್ನೂ ನೆನೆಯಿರಿ. ಅದರ ಬೆಲೆಯನ್ನು ನಿಮ್ಮಷ್ಟು ಬಲ್ಲವರು ವಿರಳ.