ಬಣ್ಣದ ಬಿಲ್ಲೆ: ಮಕ್ಕಳಿಗೊಂದು ಚರಿತ್ರೆಯ ಪಾಠ



ಮಕ್ಕಳಿಗೆ ಚರಿತ್ರೆಯನ್ನು ಬೋಧಿಸುವಾಗ ನಾವು ಸಾಮಾನ್ಯವಾಗಿ ಅರಸರ ಹೆಸರುಗಳಿಂದಲೂ ಯುದ್ಧಗಳ ಇಸವಿಗಳಿಂದಲೂ ಆರಂಭಿಸುತ್ತೇವೆ. ಅವು ಬೇಕಾದುವೇ, ಸಂದೇಹವಿಲ್ಲ. ಆದರೆ ಹತ್ತು ವರ್ಷದ ಬಾಲಕನು ಅರಸನನ್ನು ಮುಟ್ಟಿ ನೋಡಲಾರನು. ತನ್ನ ಕಾಲ ಕೆಳಗಿರುವ ನೆಲವನ್ನು ಮುಟ್ಟಿ ನೋಡಬಲ್ಲನು. ಕೊಳ್ಳೇಗಾಲ, ಹನೂರು, ಯಳಂದೂರು ಮೊದಲಾದ ಊರುಗಳ ಮಕ್ಕಳು ಒಂದು ಬಣ್ಣದ ಬಿಲ್ಲೆಯನ್ನು ಕೈಯಲ್ಲಿ ಹಿಡಿದು ಎಷ್ಟು ದೂರ ಹೋಗಿ ಬರಬಹುದೆಂಬುದೇ ಈ ಹೊತ್ತಿನ ವಿಷಯ.

ಮೊದಲು ಹೆಸರನ್ನು ಖಚಿತಪಡಿಸಿಕೊಳ್ಳೋಣ. ಮಾಡಿಗೆ ಹೊದಿಸುವುದು ಹಂಚು. ನೆಲಕ್ಕೂ ಗೋಡೆಗೂ ಕೂರಿಸುವ ಚೌಕವು ಬಿಲ್ಲೆ. ಪೇಟೆಯ ಜನ ಇದನ್ನು ಟೈಲ್ಸು ಎನ್ನುತ್ತಾರೆ. ಎರಡೂ ಬೆಂದ ಮಣ್ಣೇ. ಬಿಲ್ಲೆಯೊಂದಕ್ಕೆ ನೋಡತಕ್ಕ ಭಾಗಗಳು ಮೂರು: ಅಂಚು, ಮುಖ, ಬೆನ್ನು. ಅಂಚು ಅದರ ಪದಾರ್ಥವನ್ನೂ, ಮುಖವು ಅದನ್ನು ಮಾಡಿದವರ ಅಭಿರುಚಿಯನ್ನೂ, ಬೆನ್ನು ಅದು ನಡೆದುಬಂದ ದಾರಿಯನ್ನೂ ತಿಳಿಸುತ್ತವೆ.

ಒಡೆದ ಬಿಲ್ಲೆಯ ಅಂಚನ್ನು ನೋಡಿ. ಕೆಳಗೆ ಕೆಂಪಾದ ಅಥವಾ ಮಾಸಲು ಬಿಳುಪಾದ ಮಣ್ಣು. ಅದರ ಮೇಲೆ ಉಗುರಿಗಿಂತ ತೆಳುವಾದ ಹೊಳೆಯುವ ಪದರ. ಈ ಪದರವು ಬಣ್ಣ ಬಳಿದುದಲ್ಲ, ಗಾಜು. ಮರಳೇ ಗಾಜಿನ ಮೂಲ. ಆದರೆ ಶುದ್ಧವಾದ ಮರಳು ಕರಗಬೇಕಾದರೆ ಸುಮಾರು 1700 ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು. ನಮ್ಮ ಕುಂಬಾರನ ಆವಿಗೆಯಲ್ಲಿ ಸಾವಿರ ಡಿಗ್ರಿಯೂ ದೊರೆಯುವುದು ಕಷ್ಟ. ಮರಳಿಗೆ ಸೋಡಾ ಕ್ಷಾರವನ್ನೋ ಸೀಸವನ್ನೋ ಬೆರಸಿದರೆ ಅದು ಬಹಳ ಕಡಮೆ ಶಾಖದಲ್ಲಿಯೇ ಕರಗುತ್ತದೆಂಬುದನ್ನು ಪ್ರಾಚೀನರು ಕಂಡುಕೊಂಡರು. ಆ ಗಾಜಿಗೆ ಲೋಹಗಳೇ ಬಣ್ಣ ಕೊಡುತ್ತವೆ. ಕೋಬಾಲ್ಟಿನಿಂದ ಕಡುನೀಲಿ, ತವರದಿಂದ ಹಾಲಿನಂತಹ ಬಿಳುಪು, ಸೀಸದೊಡನೆ ಆಂಟಿಮನಿ ಸೇರಿದರೆ ಹಳದಿ. ತಾಮ್ರದ ಗುಣವಂತೂ ವಿಚಿತ್ರವಾದುದು: ಸೀಸದ ಗಾಜಿನಲ್ಲಿ ಅದು ಎಲೆಹಸುರಾಗುತ್ತದೆ, ಸೋಡಾ ಗಾಜಿನಲ್ಲಿ ನವಿಲಿನ ಕೊರಳ ಬಣ್ಣಕ್ಕೆ ತಿರುಗುತ್ತದೆ.

ಆವಿಗೆಯಿಂದ ಹೊರಬಂದ ಬಿಲ್ಲೆ ತಣ್ಣಗಾಗುವಾಗ ಮಣ್ಣೂ ಕುಗ್ಗುತ್ತದೆ, ಗಾಜೂ ಕುಗ್ಗುತ್ತದೆ. ಎರಡೂ ಸರಿಸಮನಾಗಿ ಕುಗ್ಗಿದರೆ ಬಾಳಿಕೆ. ಗಾಜು ಹೆಚ್ಚು ಕುಗ್ಗಿದರೆ ಅದರ ಮೇಲೆ ಜೇಡರ ಬಲೆಯಂತಹ ಬಿರುಕು. ಕಡಮೆ ಕುಗ್ಗಿದರೆ ಚಕ್ಕೆಚಕ್ಕೆಯಾಗಿ ಉದುರುವುದು. ಮನೆಯ ಹಳೆಯ ಪಿಂಗಾಣಿ ಬಟ್ಟಲಿನಲ್ಲಿ ಮಕ್ಕಳು ಈ ಬಲೆಯನ್ನು ಕಾಣಬಹುದು. ಇನ್ನೊಂದು ಎಚ್ಚರಿಕೆಯೂ ಉಂಟು. ಹಳೆಯ ಮನೆಗಳಲ್ಲಿ ಹೂಬಳ್ಳಿಯ ಚಿತ್ರವಿರುವ ಬಿಲ್ಲೆಗಳೆಲ್ಲ ಸುಟ್ಟ ಮಣ್ಣಿನವಲ್ಲ. ಅನೇಕವು ಬೆಂಕಿಯನ್ನೇ ಕಾಣದ ಸಿಮೆಂಟಿನವು. ಅಂತಹವುಗಳ ಅಂಚಿನಲ್ಲಿ ಗಾಜಿನ ಪದರವಿರುವುದಿಲ್ಲ, ದಪ್ಪನಾದ ಬಣ್ಣದ ಗಾರೆಯಿರುತ್ತದೆ. ಈ ಭೇದವನ್ನು ತಾನಾಗಿ ಕಂಡುಹಿಡಿದ ಮಗುವು ಪರೀಕ್ಷಿಸಿ ನೋಡುವುದೆಂದರೇನೆಂಬುದನ್ನು ಕಲಿತಂತೆಯೇ ಸರಿ.

ಇನ್ನು ಮುಖ. ಬಾಬಿಲೋನಿನ ಅರಸ ನೆಬುಕಡ್‌ನೆಜ್ಜರನು ಸುಮಾರು 2,600 ವರ್ಷಗಳ ಹಿಂದೆ ತನ್ನ ನಗರದ ಮಹಾದ್ವಾರವನ್ನು ನೀಲಿ ಮೆರುಗಿನ ಇಟ್ಟಿಗೆಗಳಿಂದ ಮುಚ್ಚಿಸಿ, ಅದರ ಮೇಲೆ ಗೂಳಿಗಳನ್ನೂ ಸರ್ಪಮೃಗಗಳನ್ನೂ ಮೂಡಿಸಿದನು. ಆ ಬಳಿಕ ಈ ಕಲೆಯಲ್ಲಿ ಪರ್ಷಿಯ ದೇಶ ಹೆಸರಾಯಿತು. ಅಲ್ಲಿಯ ಕಾಶಾನ್ ಎಂಬ ಊರು ಬಿಲ್ಲೆಗಳಿಗೆ ಎಷ್ಟು ಪ್ರಸಿದ್ಧವಾಗಿತ್ತೆಂದರೆ, ಪಾರಸೀ ಭಾಷೆಯಲ್ಲಿ ಬಿಲ್ಲೆಗೆ ‘ಕಾಶಿ’ ಎಂದೇ ಹೆಸರು ಬಿದ್ದಿತು. ನಮ್ಮ ವಿಶ್ವನಾಥನ ಕಾಶಿಗೂ ಇದಕ್ಕೂ ಸಂಬಂಧವಿಲ್ಲ.

ಈ ಕಲೆ ಕನ್ನಡನಾಡಿಗೆ ಬಂದುದು ಬಹಮನಿ ಸುಲ್ತಾನರ ಕಾಲದಲ್ಲಿ. ಪರ್ಷಿಯದ ಗೀಲಾನ್ ಪ್ರಾಂತದಿಂದ ಬಂದು ಅವರ ಮಂತ್ರಿಯಾದ ಮಹಮೂದ್ ಗವಾನನು 1472ರಲ್ಲಿ ಬೀದರಿನಲ್ಲಿ ಮೂರು ಅಂತಸ್ತಿನ ಒಂದು ವಿದ್ಯಾಶಾಲೆಯನ್ನು ಕಟ್ಟಿಸಿದನು. ಅದರ ಮುಂಗೋಡೆಯೂ ಮಿನಾರವೂ ನೀಲಿ, ಹಳದಿ, ಬಿಳಿ ಬಿಲ್ಲೆಗಳಿಂದ ಶೋಭಿಸುತ್ತಿದ್ದುವು. 1696ರಲ್ಲಿ ಒಳಗಿಟ್ಟಿದ್ದ ಮದ್ದು ಸಿಡಿದು ಕಟ್ಟಡದ ಒಂದು ಭಾಗವೇ ಹಾಳಾಯಿತು. ಉಳಿದ ಬಿಲ್ಲೆಗಳಲ್ಲಿಯೂ ಬಹುಪಾಲು ಬಿಸಿಲು ಮಳೆಗಳಿಗೆ ಉದುರಿಹೋದುವು. ಆದರೂ ಉಳಿದ ತೇಪೆಗಳನ್ನು ನೋಡಿದರೆ, ಇಡಿಯ ಗೋಡೆಯು ಹೇಗಿದ್ದಿರಬೇಕೆಂಬುದನ್ನು ಮನಸ್ಸು ತಾನೇ ತುಂಬಿಕೊಳ್ಳುತ್ತದೆ. ಬೀದರಿನ ಕೋಟೆಯೊಳಗಣ ರಂಗೀನ್ ಮಹಲಿನಲ್ಲಿಯೂ ಇಂತಹ ಕೆಲಸವುಂಟು.

ಮನಸ್ಸು ಹಾಗೆ ತುಂಬಿಕೊಳ್ಳುವುದಕ್ಕೆ ಕಾರಣವೇನು? ಚಿತ್ರದ ಪುನರಾವೃತ್ತಿ. ಯಳಂದೂರಿನ ಗೌರೀಶ್ವರ ದೇವಾಲಯದ ಬಳೆಮಂಟಪವನ್ನು ನೋಡಿದ ಮಕ್ಕಳಿಗೆ ಶಿಲ್ಪಿಯು ಕಲ್ಲಿನಲ್ಲಿಯೇ ಬಳೆಗಳನ್ನು ಕಡೆದ ಚಮತ್ಕಾರ ಗೊತ್ತಿದೆ. ಅಲ್ಲಿ ಒಂದು ಶಿಲ್ಪ ಹೋದರೆ ಹೋಯಿತು, ಅದರಂತಹುದು ಇನ್ನೊಂದಿಲ್ಲ. ಬಿಲ್ಲೆಯ ನಿಯಮ ಬೇರೆ. ಅಲ್ಲಿ ಒಂದು ಅಚ್ಚು, ಸಾವಿರ ಪ್ರತಿ. ಸೊಗಸು ಇರುವುದು ಜೋಡಣೆಯಲ್ಲಿ. ಕೊಳ್ಳೇಗಾಲದ ರೇಷ್ಮೆಯ ಮಗ್ಗದ ಮುಂದೆ ಬೆಳೆದ ಮಗುವಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೀರೆಯ ಅಂಚಿನಲ್ಲಿ ಒಂದೇ ಗೋಪುರ, ಒಂದೇ ಹಂಸ ಮತ್ತೆ ಮತ್ತೆ ಬಂದು ಮೊಳಗಟ್ಟಲೆ ಸಾಗುವುದನ್ನು ಅದು ದಿನವೂ ಕಾಣುತ್ತದೆ.

ಒಂದು ಸುಲಭವಾದ ಪ್ರಯೋಗವಿದೆ. ನಾಲ್ಕು ಚೌಕದ ರಟ್ಟುಗಳನ್ನು ಕತ್ತರಿಸಿ, ಪ್ರತಿಯೊಂದಕ್ಕೂ ಮೂಲೆಯಿಂದ ಮೂಲೆಗೆ ಗೆರೆಯೆಳೆದು, ಒಂದು ಪಕ್ಕಕ್ಕೆ ಕಪ್ಪು ಬಳಿಯಿರಿ. ಒಂದು ರಟ್ಟನ್ನು ನಾಲ್ಕು ಬಗೆಯಾಗಿ ತಿರುಗಿಸಿಡಬಹುದು. ಎರಡನ್ನು ಜೋಡಿಸಿದರೆ 16 ಬಗೆ. ನಾಲ್ಕನ್ನು ಚೌಕವಾಗಿ ಜೋಡಿಸಿದರೆ 256 ಬಗೆ. ಸೆಬಾಸ್ಟಿಯನ್ ಟ್ರೂಶೆ ಎಂಬ ಫ್ರೆಂಚ್ ಪಾದ್ರಿಯು ಇಂತಹ ಬಿಲ್ಲೆಗಳನ್ನು ಕಂಡು ಕುತೂಹಲಗೊಂಡು, ಈ ಲೆಕ್ಕವನ್ನೇ ವಿಚಾರಮಾಡಿ 1704ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದನು. ಗಣಿತವನ್ನು ಕಂಡು ಹೆದರುವ ಮಗುವೂ ಈ ರಟ್ಟುಗಳನ್ನು ಬಿಟ್ಟೇಳದು.

ಬಿಲ್ಲೆ ಬರಿಯ ಅಲಂಕಾರವಲ್ಲವೆಂಬುದನ್ನೂ ಹೇಳಬೇಕು. ಗಾಜಿನೊಳಕ್ಕೆ ನೀರಾಗಲಿ ಎಣ್ಣೆಯಾಗಲಿ ಇಳಿಯದು. ಒದ್ದೆ ಬಟ್ಟೆಯಿಂದ ಒರಸಿದರೆ ಸಾಕು. ಆದುದರಿಂದಲೇ ಅಡಿಗೆಮನೆ, ಬಚ್ಚಲು, ಆಸ್ಪತ್ರೆಗಳ ಗೋಡೆಗೆ ಅದು ಒಪ್ಪುತ್ತದೆ. ಆದರೆ ನೆಲದ ಮೇಲೆ ನೀರು ಬಿದ್ದರೆ ಅದೇ ಗಾಜು ಕಾಲು ಜಾರಿಸುತ್ತದೆ. ಬಚ್ಚಲ ಗೋಡೆಯ ಬಿಲ್ಲೆಯನ್ನು ಬಚ್ಚಲ ನೆಲಕ್ಕೆ ಹಾಕಬಾರದೇಕೆಂದು ಮಕ್ಕಳನ್ನೇ ಕೇಳಿ. ಉತ್ತರ ಅವರಿಂದಲೇ ಬರುತ್ತದೆ.

ಕಡೆಯದು ಬೆನ್ನು. ಇದನ್ನು ನೋಡುವವರು ವಿರಳ. ಹೆಚ್ಚಿನ ಚರಿತ್ರೆ ಇರುವುದು ಅಲ್ಲಿಯೇ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದು, ನೇತ್ರಾವತಿಯ ದಡದ ಜೇಡಿಮಣ್ಣನ್ನು ಯಂತ್ರದಿಂದ ಒತ್ತಿ ಹಂಚುಮಾಡಿದರು. ಅವರದೂ ಅವರನ್ನು ಅನುಸರಿಸಿದ ಕಾರ್ಖಾನೆಗಳದೂ ಹೆಸರು ಹಂಚಿನ ಮೈಯಲ್ಲಿಯೇ ಒತ್ತಿರುತ್ತದೆ. 1897ರಲ್ಲಿ ಮೈಸೂರಿನ ಹಳೆಯ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ, 1912ರಲ್ಲಿ ಪೂರ್ಣವಾದ ಹೊಸ ಅರಮನೆಯ ಕಲ್ಯಾಣಮಂಟಪದ ನೆಲಕ್ಕೆ ಇಂಗ್ಲೆಂಡಿನಿಂದ ಬಿಲ್ಲೆಗಳು ಬಂದುವು. ಅದಾದ ಕೆಲವು ವರ್ಷಗಳಲ್ಲಿ ಜಪಾನಿನವರು ಉಬ್ಬುಚಿತ್ರದ ಮೆರುಗು ಬಿಲ್ಲೆಗಳನ್ನು ಅಗ್ಗವಾಗಿ ಮಾಡಿ ಭಾರತಕ್ಕೆ ಕಳುಹಿಸತೊಡಗಿದರು. ಲಕ್ಷ್ಮಿ, ಸರಸ್ವತಿ, ಕೃಷ್ಣರ ಚಿತ್ರಗಳಿದ್ದ ಅವು ಅನೇಕ ಗೃಹಸ್ಥರ ಗೋಡೆಯನ್ನು ಸೇರಿದುವು. ಮುಖದಲ್ಲಿ ನಮ್ಮ ದೇವತೆ, ಬೆನ್ನಿನಲ್ಲಿ ಜಪಾನಿನ ಮುದ್ರೆ! ಈಗಲಾದರೋ ದೇಶದ ಬಿಲ್ಲೆಗಳಲ್ಲಿ ಬಹುಪಾಲು ಗುಜರಾತಿನ ಮೋರ್ಬಿಯಲ್ಲಿ ತಯಾರಾಗುತ್ತವೆ.

ನಮ್ಮ ಮೂರು ಊರುಗಳಿಗೆ ಈ ಬೆನ್ನಿನ ವಿಚಾರ ವಿಶೇಷವಾಗಿ ಸಲ್ಲುತ್ತದೆ. ಇಂದು ಮೂರೂ ಚಾಮರಾಜನಗರ ಜಿಲ್ಲೆಗೆ ಸೇರಿವೆ. ಆದರೆ 1956ರವರೆಗೆ ಕೊಳ್ಳೇಗಾಲವೂ ಹನೂರೂ ಮದರಾಸಿನ ಆಡಳಿತಕ್ಕೊಳಪಟ್ಟು ಕೊಯಮತ್ತೂರು ಜಿಲ್ಲೆಯಲ್ಲಿದ್ದುವು, ಯಳಂದೂರು ಮೈಸೂರಿನದಾಗಿತ್ತು. ಹತ್ತಿರದ ಊರುಗಳ ನಡುವೆ ಎರಡು ಸರಕಾರಗಳ ಗಡಿ ಹಾದುಹೋಗಿತ್ತು. ಗಡಿಯ ಆಚೀಚೆ ಮನೆ ಕಟ್ಟಿದವರು ಹಂಚು ಬಿಲ್ಲೆಗಳನ್ನು ಒಂದೇ ಪೇಟೆಯಿಂದ ತರಿಸಿದರೆ, ಬೇರೆ ಬೇರೆ ಪೇಟೆಗಳಿಂದ ತರಿಸಿದರೆ? ಈ ಪ್ರಶ್ನೆಗೆ ಉತ್ತರ ಕೊಡಬಲ್ಲವರು ಆ ಊರುಗಳ ಶಾಲಾಮಕ್ಕಳೇ. ಮಾಡಬೇಕಾದುದು ಇಷ್ಟೆ: ಮನೆಯವರ ಅಪ್ಪಣೆ ಪಡೆದು, ಏನನ್ನೂ ಕೀಳದೆ, ಪ್ರತಿಯೊಂದು ಹಳೆಯ ಮನೆಯ ಬಿಲ್ಲೆಯ ಚಿತ್ರವನ್ನು ಬರೆದುಕೊಳ್ಳುವುದು, ಸಡಿಲವಾದ ಹಂಚೋ ಬಿಲ್ಲೆಯೋ ದೊರೆತರೆ ಅದರ ಮುದ್ರೆಯನ್ನು ಕಾಗದವಿಟ್ಟು ಪೆನ್ಸಿಲಿನಿಂದ ತಿಕ್ಕಿ ತೆಗೆದುಕೊಳ್ಳುವುದು, ಮನೆ ಕಟ್ಟಿದ ವರ್ಷವನ್ನು ಹಿರಿಯರಿಂದ ಕೇಳಿ ಬರೆಯುವುದು. ಮೂರು ಊರುಗಳ ಶಾಲೆಗಳು ತಮ್ಮ ಪುಸ್ತಕಗಳನ್ನು ಒಟ್ಟಿಗಿಟ್ಟು ನೋಡಿದರೆ, ಯಾವ ಗ್ರಂಥದಲ್ಲಿಯೂ ಇಲ್ಲದ ವ್ಯಾಪಾರದ ದಾರಿಗಳು ಗೋಚರಿಸಬಹುದು.

ಆದರೆ ಕಾಲಾವಕಾಶ ಹೆಚ್ಚಿಲ್ಲ. ಹಳೆಯ ಮನೆಗಳನ್ನು ಕೆಡವಿ ಹೊಸವನ್ನು ಕಟ್ಟುವ ಕೆಲಸ ಊರೂರಿಗೂ ನಡೆದಿದೆ; ಅದನ್ನು ತಡೆಯೆಂದು ಯಾರಿಗೂ ಹೇಳುವಂತಿಲ್ಲ, ಬಾಳುವವರಿಗೆ ಅನುಕೂಲವಾದ ಮನೆ ಬೇಕು. ಗೃಹಸ್ಥರಲ್ಲಿ ನಮ್ಮ ಬಿನ್ನಹ ಇಷ್ಟು ಮಾತ್ರ. ಗೋಡೆ ಒಡೆಯುವ ದಿನ ಹಾರೆ ಬೀಳುವುದಕ್ಕೆ ಮುಂಚೆ ಒಂದು ಹಂಚನ್ನೂ ಒಂದು ಬಿಲ್ಲೆಯನ್ನೂ ಇಡಿಯಾಗಿ ಬಿಡಿಸಿ, ಅವುಗಳ ಮೇಲೆ ಮನೆಯ ಬೀದಿಯ ಹೆಸರನ್ನೂ ಇಸವಿಯನ್ನೂ ಬರೆದು, ಹತ್ತಿರದ ಶಾಲೆಗೆ ಕಳುಹಿಸಿಕೊಡಿರಿ.